ಬದಲಾಯಿಸಿ ಬದಲಾಯಿಸಿ ಬೆಳೆದ ಇಆರ್‌ಪಿಗೆ ದೊಡ್ಡ ಅಪ್‌ಗ್ರೇಡ್: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬೆಳಗಾವಿಯಲ್ಲಿ ಇದ್ದುಕೊಂಡು ಕಾರ್ಖಾನೆಗಳ ಇಆರ್‌ಪಿ ಸರ್ವರ್ ನೋಡಿಕೊಳ್ಳುವ ಕೆಲಸ ಮಾಡುತ್ತೇನೆ. ಇಆರ್‌ಪಿ ಅಂದರೆ ಖರೀದಿ, ಸ್ಟಾಕ್, ಬಿಲ್, ಲೆಕ್ಕ ಎಲ್ಲವನ್ನೂ ಒಂದೇ ಕಡೆ ನಡೆಸುವ ಸಾಫ್ಟ್‌ವೇರ್. ಉದ್ಯಮಬಾಗದ ಫೌಂಡ್ರಿ ಇರಲಿ, ಜಮಖಂಡಿ–ಮುಧೋಳ ಕಡೆಯ ಸಕ್ಕರೆ ಕಾರ್ಖಾನೆ ಇರಲಿ, ವಿಜಯಪುರದ ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜ್ ಇರಲಿ, ಸಾಫ್ಟ್‌ವೇರ್ ತಂದು ಹಾಗೇ ಬಳಸಿದವರು ಕಡಿಮೆ. ಎಲ್ಲರೂ ತಮ್ಮ ಪದ್ಧತಿಗೆ ತಕ್ಕಂತೆ ಹತ್ತು ವರ್ಷ ಬದಲಾಯಿಸಿಕೊಂಡಿದ್ದಾರೆ. ಈಗ ಹೊಸ ವರ್ಷನ್‌ಗೆ ಹೋಗಬೇಕು ಅಂದಾಗ ಕೇಳುವ ಪ್ರಶ್ನೆಗಳೂ ಹೆಚ್ಚುಕಡಿಮೆ ಒಂದೇ. ಕ್ಯಾಬಿನ್‌ನಲ್ಲಿ ಚಹಾ ಕುಡಿಯುವಾಗ, ಫೋನಿನಲ್ಲಿ, ಪತ್ರದಲ್ಲಿ ಕೇಳಿದವನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಸೇರಿಸಿದ್ದೇನೆ.

## ಶುರುವಿನ ಪ್ರಶ್ನೆಗಳು

ಸಿಸ್ಟಂ ಚಲೋ ನಡೆದಿದೆಯಲ್ರೀ, ಸುಮ್ನೆ ಯಾಕೆ ಮುಟ್ಟಬೇಕು?

ನಡೆಯುತ್ತಿರುವುದು ನಿಮ್ಮ ಇಆರ್‌ಪಿ. ಅದರ ಕೆಳಗಿನ ನೆಲ ಕುಸಿಯುತ್ತಿದೆ. ಸರ್ವರ್ ರೂಮಿಗೆ ಹೋಗಿ ನೋಡಿ. ಸೆಂಟ್‌ಒಎಸ್ 7 ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಇದ್ದರೆ ಅದಕ್ಕೆ 2024ರ ಜೂನ್ 30ರ ನಂತರ ಭದ್ರತಾ ಪ್ಯಾಚ್ ಬರುತ್ತಿಲ್ಲ. ವಿಂಡೋಸ್ ಸರ್ವರ್ 2012 ಆರ್2 ಮತ್ತು ಮೈಎಸ್‌ಕ್ಯೂಎಲ್ 5.7 ಡೇಟಾಬೇಸ್, ಎರಡರ ಬೆಂಬಲದ ಅವಧಿಯೂ 2023ರ ಅಕ್ಟೋಬರ್‌ನಲ್ಲೇ ಮುಗಿದಿದೆ. ಎಸ್‌ಎಪಿ ಕಂಪನಿಯ ಹಳೆಯ ಇಆರ್‌ಪಿ ಇಸಿಸಿ 6.0 ಬಳಸುವವರಿಗೆ ಮುಖ್ಯ ಬೆಂಬಲ 2027ರ ಕೊನೆಯವರೆಗೆ ಮಾತ್ರ, ಅದೂ ಅದರ ಹೊಸ ಪ್ಯಾಕೇಜುಗಳಿಗೆ.

ಇದರಿಂದ ನಾಳೆ ಬೆಳಗ್ಗೆ ಏನೂ ನಿಲ್ಲುವುದಿಲ್ಲ. ಆದರೆ ಡೇಟಾಕ್ಕೆ ಬೀಗ ಹಾಕಿ ಹಣ ಕೇಳುವ ರಾನ್ಸಂವೇರ್ ನುಗ್ಗುವುದು ಇಂಥ ಬಾಗಿಲಿನಿಂದಲೇ. ಇನ್ನೊಂದು ದಿನ ಜಿಎಸ್‌ಟಿ ಪೋರ್ಟಲ್ ಹಳೆಯ ಸುರಕ್ಷಾ ಪ್ರೋಟೋಕಾಲ್ ಬಂದ್ ಮಾಡಿದರೆ ನಿಮ್ಮ ಇ-ಇನ್‌ವಾಯ್ಸ್ ಹೋಗುವುದಿಲ್ಲ. ಲಾರಿ ಗೇಟಿನಲ್ಲಿ ನಿಂತಾಗ ಮಾಡುವ ಅಪ್‌ಗ್ರೇಡ್‌ಗಿಂತ ನೀವೇ ದಿನ ಆರಿಸಿ ಮಾಡುವ ಅಪ್‌ಗ್ರೇಡ್ ಎಷ್ಟೋ ಸುಲಭ.

ತಿಂಗಳಿಗೊಮ್ಮೆ ಅಪ್‌ಡೇಟ್ ಮಾಡ್ತೀವಿ. ಇದು ಅದೇ ಅಲ್ವಾ?

ಅಲ್ಲ. ತಿಂಗಳ ಅಪ್‌ಡೇಟ್‌ನಲ್ಲಿ ದೋಷ ಸರಿಪಡಿಸುತ್ತಾರೆ, ಡೇಟಾಬೇಸಿನ ರಚನೆ ಹಾಗೇ ಇರುತ್ತದೆ. ದೊಡ್ಡ ಅಪ್‌ಗ್ರೇಡ್‌ನಲ್ಲಿ ಟೇಬಲ್‌ಗಳೇ ಬದಲಾಗುತ್ತವೆ. ಎಸ್‌ಎಪಿಯ ಹೊಸ ಇಆರ್‌ಪಿ ಎಸ್/4ಹಾನಾ ನೋಡಿ: ಗ್ರಾಹಕ, ಸಪ್ಲೈಯರ್ ಎಂದು ಬೇರೆ ಬೇರೆ ಇದ್ದವರು ಅಲ್ಲಿ ಬಿಸಿನೆಸ್ ಪಾರ್ಟ್‌ನರ್ ಎಂಬ ಒಂದೇ ದಾಖಲೆಯಡಿ ಬರುತ್ತಾರೆ. ಮಟೀರಿಯಲ್ ನಂಬರಿನ ಉದ್ದ 18ರಿಂದ 40 ಅಕ್ಷರಕ್ಕೆ ಏರಿದೆ. ನೀವು ಬರೆಸಿದ ರಿಪೋರ್ಟ್ 18 ಅಕ್ಷರ ಎಂದು ನಂಬಿಕೊಂಡಿದ್ದರೆ ಅಲ್ಲೇ ಮುರಿಯುತ್ತದೆ.

ಏನೇನು ಬದಲಾಯಿಸಿದ್ದೇವೆ ಅಂತ ನಮಗೇ ಗೊತ್ತಿಲ್ಲ. ಎಲ್ಲಿಂದ ಹಿಡಿಯೋದು?

ಇಲ್ಲಿಂದಲೇ ಹಿಡಿಯಬೇಕು. ನನ್ನ ಅನುಭವದಲ್ಲಿ ಅಪ್‌ಗ್ರೇಡ್ ಕೆಡುವುದು ಹೊಸ ವರ್ಷನ್‌ನಿಂದಲ್ಲ, ಹಳೆಯದರಲ್ಲಿ ನಾವು ಏನು ಮಾಡಿಟ್ಟಿದ್ದೇವೆ ಎಂದು ಮರೆತಿರುವುದರಿಂದ. ಹೊಸ ವರ್ಷನ್ ಇನ್‌ಸ್ಟಾಲ್ ಮಾಡುವ ಮೊದಲು ಪಟ್ಟಿ ಆಗಬೇಕು. ಪಟ್ಟಿ ಮುಗಿಯುವವರೆಗೆ ನಾನು ದರವನ್ನೂ ಹೇಳುವುದಿಲ್ಲ, ದಿನಾಂಕವನ್ನೂ ಹೇಳುವುದಿಲ್ಲ.

ಪಟ್ಟಿಗೆ ಎರಡು ದಾರಿ, ಎರಡೂ ಬೇಕು. ಒಂದು ಯಂತ್ರದ ದಾರಿ. ನೀವು ಬಳಸುವ ವರ್ಷನ್ ಯಾವುದೋ ಅದರ ಮೂಲ ಪ್ರತಿಯನ್ನು ಮತ್ತೆ ಡೌನ್‌ಲೋಡ್ ಮಾಡಿ, ನಿಮ್ಮ ಸರ್ವರಿನ ಫೈಲುಗಳ ಜೊತೆ ಸಾಲು ಸಾಲಾಗಿ ಹೋಲಿಸಿ. ಎಲ್ಲೆಲ್ಲಿ ಕೈ ಆಡಿಸಿದ್ದಾರೆ ಎಂದು ಗೊತ್ತಾಗುತ್ತದೆ. ಡೇಟಾಬೇಸಿನಲ್ಲೂ ಹಾಗೇ: ಹೆಚ್ಚಿಗೆ ಇರುವ ಟೇಬಲ್, ಕಾಲಂ, ಟ್ರಿಗರ್ (ಡೇಟಾ ಬದಲಾದಾಗ ತಾನಾಗಿ ಓಡುವ ಕೋಡ್), ರಾತ್ರಿ ತಾನಾಗಿ ಓಡುವ ಸ್ಕ್ರಿಪ್ಟ್. ಈ ಕೊನೆಯದನ್ನು ಬಹಳ ಜನ ಮರೆಯುತ್ತಾರೆ. ಎಸ್‌ಎಪಿಯಲ್ಲಿ ಝಡ್ ಅಕ್ಷರದಿಂದ ಶುರುವಾಗುವ ಪ್ರೋಗ್ರಾಂಗಳೇ ನಿಮ್ಮವು, ಹುಡುಕುವುದು ಸುಲಭ. ಇಆರ್‌ಪಿನೆಕ್ಸ್ಟ್ ಎಂಬ ಓಪನ್ ಸೋರ್ಸ್ ಇಆರ್‌ಪಿಯಲ್ಲಿ ಕಸ್ಟಮ್ ಫೀಲ್ಡ್, ಪ್ರಾಪರ್ಟಿ ಸೆಟ್ಟರ್, ಸರ್ವರ್ ಸ್ಕ್ರಿಪ್ಟ್, ಪ್ರಿಂಟ್ ಫಾರ್ಮ್ಯಾಟ್ – ಈ ನಾಲ್ಕು ಕಡೆ ನೋಡಿದರೆ ಬಹುಪಾಲು ಸಿಗುತ್ತದೆ.

ಇನ್ನೊಂದು ಮನುಷ್ಯರ ದಾರಿ. ಪ್ರತಿಯೊಂದು ಬದಲಾವಣೆಯ ಹಿಂದೆ ಒಬ್ಬರು ಇರುತ್ತಾರೆ. ಸ್ಟೋರ್ ಕೀಪರ್, ಡಿಸ್‌ಪ್ಯಾಚ್ ಕ್ಲರ್ಕ್, ಕಬ್ಬು ವಿಭಾಗದವರು, ಯಾರೋ ಒಬ್ಬರು ಯಾವುದೋ ಕಷ್ಟಕ್ಕೆ ಅದನ್ನು ಕೇಳಿರುತ್ತಾರೆ. ಅವರ ಪಕ್ಕ ಕುರ್ಚಿ ಹಾಕಿಕೊಂಡು ಒಂದು ದಿನ ಕೂತು ನೋಡಿ. ಒಂದು ಫೌಂಡ್ರಿಯಲ್ಲಿ ಹೀಟ್ ನಂಬರ್ (ಒಂದು ಸಲ ಕರಗಿಸಿದ ಲೋಹಕ್ಕೆ ಕೊಡುವ ನಂಬರ್) ಹಾಕುವ ಪರದೆಯಲ್ಲಿ "ರಿಮಾರ್ಕ್ 2" ಎಂಬ ಖಾನೆ ಇತ್ತು. ಎಲ್ಲರೂ ಬೇಡವಾದದ್ದು ಅಂದುಕೊಂಡಿದ್ದರು. ಆ ಪರದೆಯ ಮುಂದೆ ಹನ್ನೆರಡು ವರ್ಷ ಕೂತ ಕಾಕಾ ಅದರಲ್ಲಿ ಪ್ಯಾಟರ್ನ್, ಅಂದರೆ ಅಚ್ಚು ಮಾಡುವ ಮಾದರಿ, ಯಾವ ರ್‍ಯಾಕಿನಲ್ಲಿದೆ ಎಂದು ಬರೆಯುತ್ತಿದ್ದರು. ಅದು ಹೋಗಿದ್ದರೆ ಇಡೀ ಪ್ಯಾಟರ್ನ್ ಶಾಪ್ ಕುರುಡಾಗುತ್ತಿತ್ತು.

ಪ್ರತಿ ಬದಲಾವಣೆಗೆ ನಾಲ್ಕು ಸಂಗತಿ ಬರೆಯಿರಿ: ಏನು ಮಾಡುತ್ತದೆ, ಯಾರು ಕೇಳಿದ್ದು, ಕೊನೆಗೆ ಯಾವಾಗ ಬಳಸಿದ್ದು, ಇಲ್ಲದಿದ್ದರೆ ಯಾವ ಕೆಲಸ ನಿಲ್ಲುತ್ತದೆ. "ಕೊನೆಗೆ ಬಳಸಿದ್ದು" ಅನ್ನುವುದನ್ನು ಒಂದು ವರ್ಷದ ಲಾಗ್ ನೋಡಿ ಬರೆಯಿರಿ. ವಾರ್ಷಿಕ ಸಭೆಗೆ ವರ್ಷಕ್ಕೊಮ್ಮೆ ತೆಗೆಯುವ ಶೇರುದಾರರ ಪಟ್ಟಿ ಮೂರು ತಿಂಗಳ ಲಾಗ್‌ನಲ್ಲಿ ಕಾಣುವುದಿಲ್ಲ.

ಬರೆದ ಹುಡುಗ ಪುಣೆಗೆ ಹೋದ. ಸೋರ್ಸ್ ಕೋಡೂ ಇಲ್ಲ. ಈಗೇನು ಮಾಡೋದು?

ಮೊದಲು ಅವರಿಗೆ ಒಂದು ಫೋನ್ ಮಾಡಿ. ಬಹಳ ಸಲ ಅವರ ಹಳೆಯ ಲ್ಯಾಪ್‌ಟಾಪಿನಲ್ಲಿ ಒಂದು ಪ್ರತಿ ಇರುತ್ತದೆ, ಗೌರವದಿಂದ ಕೇಳಿದರೆ ಕೊಡುತ್ತಾರೆ. ಎರಡು ದಿನದ ಕೆಲಸಕ್ಕೆ ಹಣ ಕೊಟ್ಟು ಕೂರಿಸಿಕೊಂಡರೆ ಇನ್ನೂ ಒಳ್ಳೆಯದು.

ಸಿಗದೇ ಹೋದರೆ ಆ ಭಾಗ ಯಾವುದನ್ನು ಒಳಗೆ ತೆಗೆದುಕೊಳ್ಳುತ್ತದೆ, ಏನನ್ನು ಹೊರಗೆ ಕೊಡುತ್ತದೆ ಎಂದು ಉದಾಹರಣೆಗಳನ್ನು ಸೇರಿಸಿ. ನೂರು ಹಳೆಯ ಬಿಲ್ಲು, ಅವುಗಳ ಲೆಕ್ಕ. ಅದರಿಂದ ಹೊಸದಾಗಿ ಬರೆಯಬಹುದು. ಕೋಡಿಲ್ಲದ ತುಣುಕನ್ನು ಹೊಸ ಸರ್ವರಿಗೆ ಎತ್ತಿ ಹಾಕಿ "ನಡೆದರೆ ನಡೆಯಲಿ" ಅನ್ನಬೇಡಿ.

ಯಾವ ತಿಂಗಳಲ್ಲಿ ಮಾಡಿದರೆ ಒಳ್ಳೇದು?

ಸಾಫ್ಟ್‌ವೇರ್ ಕಂಪನಿ ಹೇಳಿದ ತಿಂಗಳಲ್ಲಿ ಅಲ್ಲ, ನಿಮ್ಮ ಕಾರ್ಖಾನೆ ಉಸಿರು ಬಿಡುವ ತಿಂಗಳಲ್ಲಿ.

ಸಕ್ಕರೆ ಕಾರ್ಖಾನೆಗೆ ಅಕ್ಟೋಬರ್ ಕೊನೆ–ನವೆಂಬರ್‌ನಿಂದ ಹಂಗಾಮು. ಕಬ್ಬು ನುರಿಸುವುದು ಶುರುವಾದ ಮೇಲೆ ಸರ್ವರ್ ಮುಟ್ಟುವ ಮಾತೇ ಇಲ್ಲ. ಕಬ್ಬು ಬಂದ 14 ದಿನದೊಳಗೆ ರೈತರಿಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ 15% ಬಡ್ಡಿ ಎಂದು 1966ರ ಕಬ್ಬು ನಿಯಂತ್ರಣ ಆದೇಶವೇ ಹೇಳುತ್ತದೆ. ಬಿಲ್ಲಿನ ಸಿಸ್ಟಂ ಒಂದು ವಾರ ಮಲಗಿದರೆ ಆ 14ರಲ್ಲಿ ಅರ್ಧ ಹೋಯಿತು. ಏಪ್ರಿಲ್–ಮೇನಲ್ಲಿ ವರ್ಷದ ಲೆಕ್ಕ ಮುಗಿಸುವ ಗಡಿಬಿಡಿ. ನನ್ನ ಲೆಕ್ಕದಲ್ಲಿ ಜೂನ್–ಜುಲೈ ಸರಿ. ಆಗಸ್ಟ್‌ನಲ್ಲಿ ಕಬ್ಬಿನ ನೋಂದಣಿಯನ್ನು ಹೊಸ ಸಿಸ್ಟಂನಲ್ಲೇ ಮಾಡಿಸಿದರೆ ಸಿಬ್ಬಂದಿಗೆ ಕೈ ಕೂಡುತ್ತದೆ, ಸೆಪ್ಟೆಂಬರ್‌ನಲ್ಲಿ ಗಾಡಿ ತೂಗುವ ಕಾಟಾ ಪರೀಕ್ಷೆ ಮಾಡಬಹುದು.

ಫೌಂಡ್ರಿ, ಮಷಿನ್ ಶಾಪ್‌ಗಳಿಗೆ ಹಂಗಾಮಿಲ್ಲ, ತಿಂಗಳ ಲಯ ಇದೆ. 11ಕ್ಕೆ ಜಿಎಸ್‌ಟಿಆರ್-1 ರಿಟರ್ನ್, 20ಕ್ಕೆ 3ಬಿ ರಿಟರ್ನ್, ಕೊನೆಯ ವಾರ ಡಿಸ್‌ಪ್ಯಾಚ್ ಗದ್ದಲ. 21, 22ರ ಆಸುಪಾಸಿಗೆ ಬರುವ ವಾರದ ರಜೆ ಹುಡುಕಿ. "ಏಪ್ರಿಲ್ 1ಕ್ಕೇ ಶುರು ಮಾಡೋಣ, ಹೊಸ ವರ್ಷ" ಅನ್ನುವವರು ಬಹಳ. ಆ ವಾರ ಅಕೌಂಟ್ಸ್‌ನವರು ಹಳೆಯ ವರ್ಷ ಮುಗಿಸುವುದರಲ್ಲಿ ಮುಳುಗಿರುತ್ತಾರೆ. ಹೊಸ ಸಿಸ್ಟಂನ ತಪ್ಪು ಹುಡುಕಲು ಯಾರಿಗೂ ಪುರುಸೊತ್ತಿರುವುದಿಲ್ಲ. ನಾನು ಬೇಡ ಅನ್ನುತ್ತೇನೆ.

## ಯೋಜನೆ ಹಾಕುವಾಗ

ಮಾಡಿಸಿದ್ದೆಲ್ಲ ಹೊಸದರಲ್ಲೂ ಹಾಗೇ ಬೇಕು ಅಂತಾರೆ ನಮ್ಮ ಮಾಲಕರು. ಆಗುತ್ತಾ?

ಆಗುತ್ತದೆ. ಆದರೆ ಮುಂದಿನ ಅಪ್‌ಗ್ರೇಡ್‌ನಲ್ಲಿ ಇದೇ ಕಷ್ಟ ಮತ್ತೆ ಬರುತ್ತದೆ. ಮಾಲಕರ ಮುಂದೆ ಪಟ್ಟಿ ಇಟ್ಟು ಒಂದೊಂದನ್ನೇ ಕೇಳಿ. ಕೆಲವನ್ನು ಈಗ ಯಾರೂ ಬಳಸುವುದಿಲ್ಲ, ಬಿಡಬಹುದು. ಕೆಲವು ಹೊಸ ವರ್ಷನ್‌ನಲ್ಲಿ ತಾನಾಗೇ ಬಂದಿವೆ. ಹತ್ತು ವರ್ಷದ ಹಿಂದೆ ಇ-ವೇ ಬಿಲ್ ಇರಲಿಲ್ಲ, 2018ರಲ್ಲಿ ಬಂದಾಗ ನೀವು ಬರೆಸಿಕೊಂಡಿರಿ. ಈಗ ಬಹಳಷ್ಟು ಇಆರ್‌ಪಿಗಳಲ್ಲಿ ಅದು ಸಿದ್ಧವಾಗಿಯೇ ಇದೆ. ಉಳಿದದ್ದು ನಿಜವಾಗಿ ನಿಮ್ಮದು: ಕಬ್ಬಿನ ಬಿಲ್ಲಿನಿಂದ ಪಿಕೆಪಿಎಸ್ (ಊರಿನ ಕೃಷಿ ಪತ್ತಿನ ಸಹಕಾರ ಸಂಘ) ಸಾಲ ಕಡಿತ, ಕಬ್ಬು ಕಡಿಯುವ ಗ್ಯಾಂಗಿನವರ ಅಡ್ವಾನ್ಸ್ ಲೆಕ್ಕ, ಹೀಟ್ ಪ್ರಕಾರ ಟೆಸ್ಟ್ ಸರ್ಟಿಫಿಕೇಟ್. ಇವು ಬೇಕೇ ಬೇಕು.

ಹೀಗೆ ಉಳಿದದ್ದನ್ನು ಮೂಲ ಕೋಡಿನ ಒಳಗೆ ತುರುಕದೆ ಹೊರಗೆ ಬೇರೆ ಮಾಡ್ಯೂಲ್ ಆಗಿ ಬರೆಸಿ. ದರ, ತೆರಿಗೆ, ಕಡಿತದ ಶೇಕಡಾವಾರು, ಯಾವುದೂ ಕೋಡಿನಲ್ಲಿ ಇರಬಾರದು, ಮಾಸ್ಟರ್ ಟೇಬಲ್‌ನಲ್ಲಿ ದಿನಾಂಕದ ಸಮೇತ ಇರಬೇಕು. 2025ರ ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ದರ ಬದಲಾದಾಗ ಕೋಡಿನಲ್ಲಿ 12 ಎಂದು ಬರೆದಿಟ್ಟವರು ರಾತ್ರಿಯೆಲ್ಲ ಕೂತರು. ಅದೇ ವರ್ಷ ನವೆಂಬರ್‌ನಲ್ಲಿ ಗುರ್ಲಾಪುರದ ರೈತ ಹೋರಾಟದ ನಂತರ ಕಬ್ಬಿನ ದರವೂ ಬದಲಾಯಿತು, ಅದೂ ಹಂಗಾಮಿನ ಹೊತ್ತಿನಲ್ಲಿ. ದರ ಬದಲಾಗುವುದು ನಮ್ಮ ಕಡೆ ಮಾಮೂಲು, ಸಾಫ್ಟ್‌ವೇರ್ ಅದಕ್ಕೆ ತಯಾರಿರಬೇಕು.

ಇರೋದನ್ನೇ ಮೇಲೇರಿಸೋದಾ, ಹೊಸದಾಗಿ ಹಾಕಿ ಡೇಟಾ ತುಂಬೋದಾ?

ಮೂಲ ಕೋಡನ್ನು ಹೆಚ್ಚು ಮುಟ್ಟಿಲ್ಲ, ಡೇಟಾ ಚೊಕ್ಕಾಗಿದೆ ಅಂದರೆ ಇರುವುದನ್ನೇ ಮೇಲೇರಿಸಿ. ಮೂಲ ಕೋಡಿನಲ್ಲೇ ನೂರಾರು ಕಡೆ ಕೈ ಆಡಿಸಿದ್ದರೆ, ಒಂದೇ ಸಪ್ಲೈಯರ್ ಐದು ಹೆಸರಿನಲ್ಲಿದ್ದರೆ, ಹೊಸದಾಗಿ ಹಾಕುವುದೇ ಅಗ್ಗ. ನಡುವೆ ಇರುವವರು ಡೇಟಾದ ಪ್ರತಿಯ ಮೇಲೆ ಮೊದಲ ರಿಹರ್ಸಲ್ ಮಾಡಿ ನೋಡಿ. ಎಷ್ಟು ಮುರಿಯಿತು ಎನ್ನುವುದೇ ಉತ್ತರ ಹೇಳುತ್ತದೆ.

ಎರಡು-ಮೂರು ವರ್ಷನ್ ಒಂದೇ ಜಿಗಿತದಲ್ಲಿ ದಾಟಬಹುದಾ?

ಡೇಟಾಬೇಸ್ ಮತ್ತು ಇಆರ್‌ಪಿ ಎರಡನ್ನೂ ಬೇರೆ ಬೇರೆ ನೋಡಿ. ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ ನಡುವಿನ ವರ್ಷನ್‌ಗಳನ್ನು ಬಿಟ್ಟು ನೇರ ಹೊಸದಕ್ಕೆ ಹೋಗಬಹುದು. ಇಆರ್‌ಪಿನೆಕ್ಸ್ಟ್ 13ರಿಂದ 15ಕ್ಕೆ ಹೋಗುವಾಗ 14ರಲ್ಲಿ ನಿಂತು, ಮೈಗ್ರೇಶನ್ (ಡೇಟಾವನ್ನು ಹೊಸ ರಚನೆಗೆ ತರುವುದು) ಮುಗಿಸಿ, ಪರೀಕ್ಷಿಸಿ ಮುಂದೆ ಹೋಗಿ. ಪ್ರತಿ ವರ್ಷನ್ ತನ್ನ ಹಿಂದಿನದನ್ನು ಬದಲಾಯಿಸುವ ಸ್ಕ್ರಿಪ್ಟ್ ಇಟ್ಟುಕೊಂಡಿರುತ್ತದೆ. ನಡುವಿನ ಮೆಟ್ಟಿಲಿನಲ್ಲಿ ಬಳಕೆದಾರರನ್ನು ಒಳಗೆ ಬಿಡುವ ಅಗತ್ಯ ಇಲ್ಲ, ಒಂದೇ ರಾತ್ರಿಯಲ್ಲಿ ಎರಡೂ ಮೆಟ್ಟಿಲು ಹತ್ತಬಹುದು.

ಆಪರೇಟಿಂಗ್ ಸಿಸ್ಟಂ, ಡೇಟಾಬೇಸ್, ಇಆರ್‌ಪಿ ಮೂರನ್ನೂ ಅದೇ ವಾರ ಬದಲಾಯಿಸುವುದು ಕೆಲವೊಮ್ಮೆ ಅನಿವಾರ್ಯ. ಆಗ ಕನಿಷ್ಠ ರಿಹರ್ಸಲ್‌ಗಳಲ್ಲಿ ಒಂದೊಂದನ್ನೇ ಬದಲಾಯಿಸಿ ನೋಡಿ. ಇಲ್ಲದಿದ್ದರೆ ತಪ್ಪು ಎಲ್ಲಿಂದ ಬಂತು ಎಂದು ಹೇಳಲಾಗುವುದಿಲ್ಲ.

ಟೆಸ್ಟ್ ಸರ್ವರ್ ಬೇಕೇ ಬೇಕಾ? ಖರ್ಚು ಜಾಸ್ತಿ ಆಗ್ತದೆ.

ಬೇಕೇ ಬೇಕು. ನಿಜವಾದ ಡೇಟಾದ ಪೂರ್ತಿ ಪ್ರತಿಯೇ ಅಲ್ಲಿರಬೇಕು. ಹತ್ತು ರೈತರ ಸ್ಯಾಂಪಲ್ ಡೇಟಾದಲ್ಲಿ ಎಲ್ಲವೂ ಚೆನ್ನಾಗೇ ನಡೆಯುತ್ತದೆ.

ಆದರೆ ಪ್ರತಿ ತೆಗೆದ ಕೂಡಲೇ, ಸರ್ವಿಸ್ ಚಾಲೂ ಮಾಡುವ ಮೊದಲು, ಹೊರಗೆ ಹೋಗುವ ಎಲ್ಲ ದಾರಿ ಮುಚ್ಚಿ. ನನ್ನ ಕೈಯಿಂದಲೇ ಆದ ತಪ್ಪು ಹೇಳುತ್ತೇನೆ. ಒಂದು ಕಾರ್ಖಾನೆಯ ಡೇಟಾ ತಂದು ಟೆಸ್ಟ್ ಸರ್ವರಿಗೆ ಹಾಕಿ ಮನೆಗೆ ಹೋದೆ. ರಾತ್ರಿ ತಾನಾಗಿ ಓಡುವ ಎಸ್‌ಎಂಎಸ್ ಸ್ಕ್ರಿಪ್ಟ್ ನಿಲ್ಲಿಸಿರಲಿಲ್ಲ. ಬೆಳಗಾಗುವಷ್ಟರಲ್ಲಿ ರೈತರಿಗೆ ಹಿಂದಿನ ಹಂಗಾಮಿನ ಬಿಲ್ ಜಮೆ ಆಗಿದೆ ಎಂದು ಮೆಸೇಜ್ ಹೋಗಿತ್ತು. ಜನ ಪಾಸ್‌ಬುಕ್ ಹಿಡಿದು ಬ್ಯಾಂಕಿಗೆ ಬಂದಿದ್ದರು. ಒಬ್ಬ ಅಜ್ಜ ಹನ್ನೆರಡು ಕಿಲೋಮೀಟರ್ ದೂರದ ಹಳ್ಳಿಯಿಂದ ಬಂದಿದ್ದರು. ಅವರಿಗೆ ನಾನೇ ಕೈ ಮುಗಿದು ಹೇಳಿದೆ. ಅಂದಿನಿಂದ ಎಸ್‌ಎಂಎಸ್, ಇಮೇಲ್, ಬ್ಯಾಂಕ್ ಫೈಲ್, ಇ-ಇನ್‌ವಾಯ್ಸ್, ಇ-ವೇ ಬಿಲ್ ಐದೂ ಬಂದ್ ಆಗಿವೆ ಎಂದು ಕಾಗದದಲ್ಲಿ ಟಿಕ್ ಮಾಡದೆ ಟೆಸ್ಟ್ ಸರ್ವರ್ ಚಾಲೂ ಮಾಡುವುದಿಲ್ಲ. ಇ-ಇನ್‌ವಾಯ್ಸ್‌ಗೆ ಪರೀಕ್ಷೆಯ ಪೋರ್ಟಲ್ಲೇ ಬೇರೆ ಇದೆ, ಅದನ್ನೇ ಬಳಸಿ. ನಿಜವಾದ ಪೋರ್ಟಲ್ಲಿಗೆ ತಪ್ಪಿ ಹೋದರೆ ರದ್ದು ಮಾಡಲು 24 ಗಂಟೆ ಮಾತ್ರ ಸಮಯ.

ಒಟ್ಟು ಎಷ್ಟು ದಿನ ಬೇಕು?

ಪಟ್ಟಿಯ ಉದ್ದದ ಮೇಲೆ ನಿಂತಿದೆ. ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ: ಕೋಡ್ ಬರೆಯಲು ಎಷ್ಟು ದಿನ ಇಟ್ಟಿದ್ದೀರೋ ಪರೀಕ್ಷೆಗೂ ಅಷ್ಟೇ ದಿನ ಇಡಿ. ಪರೀಕ್ಷೆ ಮಾಡುವವರು ನಿಮ್ಮ ಕ್ಲರ್ಕ್‌ಗಳೇ ಆಗಿರಬೇಕು, ಆ ದಿನಗಳಲ್ಲಿ ಅವರ ಬೇರೆ ಕೆಲಸ ಕಡಿಮೆ ಮಾಡಿ. ದಿನದ ಕೆಲಸ ಮುಗಿಸಿ ಸಂಜೆ 6ರ ಮೇಲೆ ಪರೀಕ್ಷೆ ಮಾಡಿ ಅಂದರೆ ಯಾರೂ ಮನಸ್ಸಿಟ್ಟು ಮಾಡುವುದಿಲ್ಲ, ತಪ್ಪು ಅವರದ್ದೂ ಅಲ್ಲ.

## ಡೇಟಾ ಮತ್ತು ಕನ್ನಡ

ರೈತರ ಹೆಸರೆಲ್ಲ ಹಳೇ ನುಡಿ ಫಾಂಟಿನಲ್ಲಿವೆ. ಹೊಸದರಲ್ಲಿ ಇಂಗ್ಲಿಷ್ ಗೀಚಿದ ಹಾಗೆ ಕಾಣ್ತಿದೆ.

ಹಳೆಯ ನುಡಿ, ಬರಹ, ಶ್ರೀಲಿಪಿ ಫಾಂಟುಗಳಲ್ಲಿ ಡೇಟಾ ಇಂಗ್ಲಿಷ್ ಅಕ್ಷರಗಳಾಗೇ ಉಳಿದಿರುತ್ತದೆ, ಫಾಂಟ್ ಮಾತ್ರ ಕನ್ನಡ ತೋರಿಸುತ್ತದೆ. ಹೊಸ ಇಆರ್‌ಪಿ ಬ್ರೌಸರಿನಲ್ಲಿ ಓಡುತ್ತದೆ, ಅದಕ್ಕೆ ಯುನಿಕೋಡ್ ಬೇಕು, ಅಂದರೆ ಪ್ರತಿ ಕನ್ನಡ ಅಕ್ಷರಕ್ಕೆ ತನ್ನದೇ ಸಂಕೇತ ಇರುವ ಪದ್ಧತಿ. ಪರಿವರ್ತನೆ ಮಾಡಲೇಬೇಕು, ಮತ್ತು ಅದಕ್ಕೆ ಅಪ್‌ಗ್ರೇಡ್‌ಗಿಂತ ಒಳ್ಳೆಯ ಸಮಯ ಸಿಗುವುದಿಲ್ಲ.

ಎಡವುವುದು ಅರ್ಕಾವೊತ್ತಿನಲ್ಲಿ. ಹಳೆಯ ಫಾಂಟಿನಲ್ಲಿ "ಪಾರ್ವತಿ" ಬರೆದರೆ ಮೊದಲು ವ, ಆಮೇಲೆ ಅರ್ಕಾವೊತ್ತಿನ ಚಿಹ್ನೆ. ಯುನಿಕೋಡಿನಲ್ಲಿ ಮೊದಲು ರ್, ಆಮೇಲೆ ವ. ಅಕ್ಷರಕ್ಕೆ ಅಕ್ಷರ ಬದಲಾಯಿಸುವ ಸ್ಕ್ರಿಪ್ಟ್ ಓಡಿಸಿದರೆ "ಪಾವರ್ತಿ" ಬರುತ್ತದೆ. ಬ್ಯಾಂಕಿನ ಹೆಸರಿಗೆ ಹೊಂದುವುದಿಲ್ಲ, ಹಣ ವಾಪಸ್ ಬರುತ್ತದೆ. ಪರಿವರ್ತನೆ ಆದ ಮೇಲೆ ಅರ್ಕಾವೊತ್ತು ಇರುವ ಹೆಸರುಗಳನ್ನು ಬೇರೆ ತೆಗೆದು, ಊರಿನ ಪ್ರಕಾರ ಪ್ರಿಂಟ್ ಹಾಕಿ, ಆ ಊರಿನ ಫೀಲ್ಡ್‌ಮನ್ ಕೈಯಲ್ಲಿ ಓದಿಸಿ. ಅವರಿಗೆ ರೈತರ ಹೆಸರು ಬಾಯಿಪಾಠ ಇರುತ್ತದೆ.

ಯುನಿಕೋಡ್ ಇದ್ದರೂ ಕೆಲವು ಹೆಸರು ಕತ್ತರಿಸಿ ಹೋಗ್ತಿವೆ, ಕೆಲವು ಹುಡುಕಿದರೆ ಸಿಗ್ತಿಲ್ಲ. ಯಾಕೆ?

ಎರಡಕ್ಕೂ ಕಾರಣ ಬೇರೆ. "ಮಲ್ಲಿಕಾರ್ಜುನ" ನಮ್ಮ ಕಣ್ಣಿಗೆ ಐದು ಅಕ್ಷರ. ಯುನಿಕೋಡಿನ ಲೆಕ್ಕದಲ್ಲಿ 12 ಸಂಕೇತ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್, ಅಂದರೆ 36 ಬೈಟ್. ಒರಾಕಲ್ ಡೇಟಾಬೇಸಿನಲ್ಲಿ ಕಾಲಂ ಉದ್ದವನ್ನು ಬೈಟ್ ಲೆಕ್ಕದಲ್ಲಿ 30 ಎಂದು ಇಟ್ಟಿದ್ದರೆ ಮಲ್ಲಿಕಾರ್ಜುನ ಹಿಡಿಸುವುದಿಲ್ಲ. ಎಸ್‌ಕ್ಯೂಎಲ್ ಸರ್ವರಿನ ಹಳೆಯ ವಾರ್‌ಚಾರ್ ಕಾಲಂಗೆ ಕನ್ನಡ ಹಾಕಿದರೆ ಬರೀ ಪ್ರಶ್ನೆ ಚಿಹ್ನೆ ಉಳಿಯುತ್ತದೆ, ಎನ್‌ವಾರ್‌ಚಾರ್ ಬೇಕು.

ಹುಡುಕಿದರೆ ಸಿಗದಿರುವುದು ಇನ್ನೂ ಸೂಕ್ಷ್ಮ. "ರಮೇಶ" ಎಂಬಲ್ಲಿನ ಏತ್ವದ ದೀರ್ಘವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಏತ್ವ ಮತ್ತು ದೀರ್ಘ ಎಂದು ಎರಡಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಡೇಟಾಬೇಸಿಗೆ ಬೇರೆ ಬೇರೆ. ಎಲ್ಲ ಹೆಸರುಗಳನ್ನೂ ಎನ್‌ಎಫ್‌ಸಿ ಎಂಬ ಜೋಡಿಸಿದ ಒಂದೇ ರೂಪಕ್ಕೆ ತಂದು ಉಳಿಸಿ, ಹುಡುಕುವ ಪದವನ್ನೂ ಅದೇ ರೂಪಕ್ಕೆ ತನ್ನಿ. ನಕಲು ಮಾಡಿ ಅಂಟಿಸುವಾಗ ಸೇರಿಕೊಳ್ಳುವ ಕಣ್ಣಿಗೆ ಕಾಣದ ಜೋಡಕ ಸಂಕೇತಗಳನ್ನೂ ಆಗಲೇ ನೋಡಿಕೊಳ್ಳಿ.

ಬಿಲ್ಲಿನಲ್ಲಿ ಒಂದೊಂದು ರೂಪಾಯಿ ಫರಕು ಬರ್ತಿದೆ. ಸಣ್ಣದು, ಬಿಟ್ಟರೆ ಆಗಲ್ವಾ?

ಬಿಡಬೇಡಿ. ಒಂದು ರೂಪಾಯಿ ಫರಕಿನ ಹಿಂದೆ ಒಂದು ನಿಯಮ ಬದಲಾಗಿದೆ ಎಂದೇ ಅರ್ಥ.

ನಾನು ನೋಡಿದ ಒಂದು ಪ್ರಕರಣದಲ್ಲಿ ಹಳೆಯ ಬಿಲ್ ಸ್ಕ್ರಿಪ್ಟ್ ಪೈಥಾನ್ 2ರಲ್ಲಿತ್ತು. ಅದರ ಬೆಂಬಲ 2020ರ ಜನವರಿ 1ಕ್ಕೆ ಮುಗಿದಿದೆ, ಹಾಗಾಗಿ ಪೈಥಾನ್ 3ಕ್ಕೆ ಹೋಗಲೇಬೇಕಿತ್ತು. ಪೈಥಾನ್ 2ರಲ್ಲಿ 2.5 ಅನ್ನು ರೌಂಡ್ ಮಾಡಿದರೆ 3. ಪೈಥಾನ್ 3ರಲ್ಲಿ 2, ಯಾಕಂದರೆ ಸರಿಯಾಗಿ ಅರ್ಧ ಬಂದಾಗ ಅದು ಹತ್ತಿರದ ಸಮಸಂಖ್ಯೆಗೆ ಹೋಗುತ್ತದೆ. 3.5 ಮಾತ್ರ ಎರಡರಲ್ಲೂ 4. ಹೀಗಾಗಿ 50 ಪೈಸೆ ಬಂದ ಬಿಲ್ಲುಗಳಲ್ಲಿ ಕೆಲವು ಸರಿ, ಕೆಲವು ಒಂದು ರೂಪಾಯಿ ಕಡಿಮೆ. ಎರಡು ಪೂರ್ಣಾಂಕ ಭಾಗಿಸುವ ರೀತಿಯೂ ಬದಲಾಗಿದೆ: 7ನ್ನು 2ರಿಂದ ಭಾಗಿಸಿದರೆ ಹಳೆಯದರಲ್ಲಿ 3, ಹೊಸದರಲ್ಲಿ 3.5. ಟನ್ನೇಜ್ ಲೆಕ್ಕದಲ್ಲಿ ಇದು ಸಣ್ಣದಲ್ಲ.

ಪರೀಕ್ಷೆ ಹೀಗೆ ಮಾಡಿ. ಹಿಂದಿನ ಹಂಗಾಮಿನ ಒಂದು ಹದಿನೈದು ದಿನದ ಕಾಟಾ ಚೀಟಿಗಳನ್ನು ಹೊಸ ಸಿಸ್ಟಂಗೆ ಕೊಟ್ಟು ಬಿಲ್ ಮಾಡಿಸಿ. ರೈತನ ಕೋಡ್, ಟನ್, ಒಟ್ಟು, ಪ್ರತಿಯೊಂದು ಕಡಿತ, ನಿವ್ವಳ ಎಲ್ಲವನ್ನೂ ಹಳೆಯ ಬಿಲ್ಲಿಗೆ ಹೋಲಿಸಿ. ಪೈಸೆಗೆ ಪೈಸೆ ಹೊಂದಬೇಕು. ಹೊಂದದಿದ್ದರೆ ಪ್ರತಿ ಫರಕಿಗೂ ಕಾರಣ ಬರೆದಿರಬೇಕು. ಹಳೆಯದೇ ತಪ್ಪಿತ್ತು ಎಂದೂ ಕೆಲವೊಮ್ಮೆ ಗೊತ್ತಾಗುತ್ತದೆ. ಆಗ ಸರಿಪಡಿಸುವ ತೀರ್ಮಾನ ಮಾಲಕರದ್ದು, ಪ್ರೋಗ್ರಾಮರ್‌ದಲ್ಲ.

ಪಾವತಿ ಪಟ್ಟಿ ಊರಿನ ಪ್ರಕಾರ ಬರ್ತಿತ್ತು, ಈಗ ಕಲಸಿ ಹೋಗಿದೆ. ಡೇಟಾ ಕೆಟ್ಟಿತಾ?

ಡೇಟಾ ಸರಿಯಾಗಿರಬಹುದು. ಮೈಎಸ್‌ಕ್ಯೂಎಲ್ 5.7ರವರೆಗೆ ಕ್ವೆರಿಯಲ್ಲಿ ಗ್ರೂಪ್ ಬೈ (ಗುಂಪು ಮಾಡು) ಎಂದು ಬರೆದರೆ ಕ್ರಮವೂ ತಾನಾಗಿ ಬರುತ್ತಿತ್ತು. 8.0ರಿಂದ ಹಾಗಿಲ್ಲ, ಆರ್ಡರ್ ಬೈ (ಕ್ರಮದಲ್ಲಿಡು) ಎಂದು ಬರೆಯಲೇಬೇಕು. ಅದೇ 8.0ರಲ್ಲಿ ರ್‍ಯಾಂಕ್ ಎನ್ನುವುದು ಕಾಯ್ದಿಟ್ಟ ಪದ. ಆ ಹೆಸರಿನ ಕಾಲಂ ಇದ್ದರೆ ಕ್ವೆರಿ ನಿಲ್ಲುತ್ತದೆ.

ಪೋಸ್ಟ್‌ಗ್ರೆಸ್ ಬಳಸುವವರು ಇನ್ನೊಂದಕ್ಕೆ ಹುಷಾರಾಗಿರಿ. ಸೆಂಟ್‌ಒಎಸ್ 7ರಿಂದ ಹೊಸ ಲಿನಕ್ಸ್‌ಗೆ ಡೇಟಾ ಫೋಲ್ಡರನ್ನೇ ಎತ್ತಿ ಇಟ್ಟರೆ ಅಕ್ಷರಗಳ ಕ್ರಮದ ನಿಯಮ ಬದಲಾಗಿರುತ್ತದೆ, ಏಕೆಂದರೆ ಲಿನಕ್ಸಿನ ಮೂಲ ಲೈಬ್ರರಿ ಗ್ಲಿಬ್‌ಸಿಯ 2.28ರಲ್ಲಿ ಅದನ್ನು ಬದಲಾಯಿಸಿದ್ದಾರೆ. ಬೇಗ ಹುಡುಕಲು ಡೇಟಾಬೇಸ್ ಇಟ್ಟುಕೊಂಡ ಹಳೆಯ ಇಂಡೆಕ್ಸ್ ಆಗ ಸುಳ್ಳು ಹೇಳುತ್ತದೆ: ಇರುವ ಸಾಲು ಇಲ್ಲ ಅನ್ನುತ್ತದೆ, ಒಂದೇ ಕೋಡನ್ನು ಎರಡು ಸಲ ಸೇರಿಸಿಕೊಳ್ಳುತ್ತದೆ. ಅಕ್ಷರದ ಕಾಲಂ ಮೇಲಿನ ಎಲ್ಲ ಇಂಡೆಕ್ಸ್ ಮತ್ತೆ ಕಟ್ಟಿದ ಮೇಲೆಯೇ ಬಳಕೆದಾರರನ್ನು ಬಿಡಿ.

ಹಳೇ ವರ್ಷಗಳ ಡೇಟಾ ಎಲ್ಲ ಒಯ್ಯಬೇಕಾ?

ಕಂಪನಿ ಕಾಯ್ದೆಯಡಿ ಲೆಕ್ಕಪುಸ್ತಕ 8 ಹಣಕಾಸು ವರ್ಷ ಇಡಬೇಕು. ಇಡುವುದು ಬೇರೆ, ಹೊಸ ಸಿಸ್ಟಂಗೆ ಒಯ್ಯುವುದು ಬೇರೆ. ಹೊಸದಾಗಿ ಹಾಕುವವರು ಮಾಸ್ಟರ್, ಬಾಕಿ, ಮುಗಿಯದ ಆರ್ಡರ್ ಒಯ್ದು, ಹಳೆಯ ಸರ್ವರನ್ನು ಓದಲು ಮಾತ್ರ ಬರುವಂತೆ ಕಾರ್ಖಾನೆಯ ಒಳಗಿನ ನೆಟ್‌ವರ್ಕ್‌ನಲ್ಲಿ ಇಡಿ. ಇನ್ನೊಂದು ಮಾತು: 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ಸಾಫ್ಟ್‌ವೇರಿನಲ್ಲಿ ಯಾರು ಯಾವಾಗ ಏನು ಬದಲಾಯಿಸಿದರು ಎಂಬ ಆಡಿಟ್ ಟ್ರೇಲ್ ಕಡ್ಡಾಯ, ಅದನ್ನು ಬಂದ್ ಮಾಡುವ ಹಾಗಿಲ್ಲ. ಅದೂ ಪೂರ್ತಿ ಉಳಿಯಬೇಕು. ಮೈಗ್ರೇಶನ್ ವೇಳೆ ನೇರ ಡೇಟಾಬೇಸಿನಲ್ಲಿ ಮಾಡಿದ ಬದಲಾವಣೆಗಳನ್ನು ಬೇರೆ ಬರೆದಿಡಿ, ಆಡಿಟರ್ ಕೇಳುತ್ತಾರೆ.

## ಇನ್ನೂ ಆಳದ ಪ್ರಶ್ನೆಗಳು

ಕಾಟಾ ಯಂತ್ರ, ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಹೊಸದಕ್ಕೆ ಹೊಂದ್ತಾವಾ?

ಹೊಂದಿಸಬೇಕು. ಕಾಟಾದ ಇಂಡಿಕೇಟರ್ ತೂಕವನ್ನು ಸೀರಿಯಲ್ ಕೇಬಲ್ ಮೂಲಕ ಕಳಿಸುತ್ತದೆ. ಹಳೆಯ ಡೆಸ್ಕ್‌ಟಾಪ್ ಸಾಫ್ಟ್‌ವೇರ್ ನೇರ ಓದಿಕೊಳ್ಳುತ್ತಿತ್ತು. ಹೊಸದು ಬ್ರೌಸರಿನಲ್ಲಿದೆ. ಕಾಟಾ ಕಂಪ್ಯೂಟರಿನಲ್ಲೇ ಒಂದು ಸಣ್ಣ ಸರ್ವಿಸ್ ಇಟ್ಟು, ಅದು ತೂಕ ಓದಿ ಸರ್ವರಿಗೆ ಕಳಿಸುವಂತೆ ಮಾಡುವುದು ನನಗೆ ಸರಿ ಕಂಡಿದೆ. ಆ ಸರ್ವಿಸ್ ನೆಟ್‌ವರ್ಕ್ ಇಲ್ಲದಾಗಲೂ ತೂಕ ಉಳಿಸಿಕೊಳ್ಳಬೇಕು. ಹೊರಗೆ ಟ್ರ್ಯಾಕ್ಟರ್ ಸಾಲು ಡಾಂಬರು ರಸ್ತೆವರೆಗೆ ನಿಂತಿರುವಾಗ "ಸರ್ವರ್ ಡೌನ್" ಎಂದು ಹೇಳಲು ಕಾಟಾ ಕ್ಲರ್ಕ್‌ಗೆ ಆಗುವುದಿಲ್ಲ. ಕಾಟಾ ಕಂಪ್ಯೂಟರಿನಲ್ಲಿ ವಿಂಡೋಸ್ 7 ಇದ್ದರೆ ಅದನ್ನೂ ಇದೇ ಯೋಜನೆಯಲ್ಲಿ ಬದಲಾಯಿಸಿ.

ಡಾಟ್ ಮ್ಯಾಟ್ರಿಕ್ಸ್‌ನಲ್ಲಿ ಇಂಗ್ಲಿಷ್ ಬೇಗ ಬರುತ್ತದೆ, ಕನ್ನಡ ಚಿತ್ರವಾಗಿ ಬರುವುದರಿಂದ ನಿಧಾನ. ಚೀಟಿಯಲ್ಲಿ ರೈತನ ಹೆಸರು, ಊರು ಕನ್ನಡದಲ್ಲಿ, ಅಂಕಿಗಳು ಪ್ರಿಂಟರಿನ ಸ್ವಂತ ಫಾಂಟಿನಲ್ಲಿ ಇಟ್ಟರೆ ವೇಗ ಸಿಗುತ್ತದೆ. ಎಸ್‌ಎಂಎಸ್ ಒಕ್ಕಣೆ ಬದಲಾದರೆ ಡಿಎಲ್‌ಟಿಯಲ್ಲಿ (ಮೊಬೈಲ್ ಕಂಪನಿಗಳ ಎಸ್‌ಎಂಎಸ್ ನೋಂದಣಿ ವ್ಯವಸ್ಥೆ) ಟೆಂಪ್ಲೇಟ್ ಮೊದಲೇ ಮಂಜೂರು ಮಾಡಿಸಿಕೊಳ್ಳಿ. ಕನ್ನಡದ ಮೆಸೇಜಿಗೆ 70 ಸಂಕೇತ ಮಾತ್ರ ಹಿಡಿಸುತ್ತದೆ, ದಾಟಿದರೆ ಎರಡು ಮೆಸೇಜಿನ ಖರ್ಚು.

ಹಳೇದು, ಹೊಸದು ಎರಡೂ ಸ್ವಲ್ಪ ದಿನ ಒಟ್ಟಿಗೆ ನಡೆಸಿದರೆ ಸುರಕ್ಷಿತ ಅಲ್ವಾ?

ಕೇಳಲು ಚೆನ್ನ. ಮಾಡುವವರು ಅದೇ ಕ್ಲರ್ಕ್‌ಗಳು, ಎರಡು ಪಟ್ಟು ಕೆಲಸ. ಮೂರನೆಯ ದಿನಕ್ಕೆ ಒಂದರಲ್ಲಿ ಎಂಟ್ರಿ ಬಿಡುತ್ತಾರೆ, ಆಮೇಲೆ ಫರಕು ಬಂದರೆ ಸಾಫ್ಟ್‌ವೇರಿಂದೋ ಮನುಷ್ಯರಿಂದೋ ತಿಳಿಯುವುದಿಲ್ಲ. ಸಂಬಳದ ಲೆಕ್ಕ ಒಂದು ತಿಂಗಳು ಎರಡರಲ್ಲೂ ಮಾಡಿ ನೋಡಿ, ಅದು ಸಾಧ್ಯ. ಉಳಿದದ್ದಕ್ಕೆ ಮೇಲೆ ಹೇಳಿದ ಹಳೆಯ ಬಿಲ್ ಮತ್ತೆ ಓಡಿಸುವ ಪರೀಕ್ಷೆಯೇ ಹೆಚ್ಚು ನಂಬಿಕೆಯದ್ದು.

ಬದಲಾಯಿಸುವ ರಾತ್ರಿ ಏನೇನು ಕ್ರಮ ಇರಬೇಕು?

ಆ ರಾತ್ರಿ ಹೊಸದಾಗಿ ಏನನ್ನೂ ಯೋಚಿಸುವಂತಿರಬಾರದು. ಕನಿಷ್ಠ ಮೂರು ರಿಹರ್ಸಲ್ ಆಗಿರಬೇಕು, ಪ್ರತಿ ಹೆಜ್ಜೆಗೆ ಎಷ್ಟು ನಿಮಿಷ ಎಂದು ಕೊನೆಯ ರಿಹರ್ಸಲ್‌ನಲ್ಲಿ ಗಡಿಯಾರ ನೋಡಿ ಬರೆದಿರಬೇಕು.

ಸಂಜೆ ಎಲ್ಲರನ್ನೂ ಲಾಗೌಟ್ ಮಾಡಿಸಿ, ರಾತ್ರಿಯ ಸ್ಕ್ರಿಪ್ಟ್ ನಿಲ್ಲಿಸಿ. ಹಳೆಯದರಲ್ಲಿ ಟ್ರಯಲ್ ಬ್ಯಾಲೆನ್ಸ್, ಸ್ಟಾಕಿನ ಬೆಲೆ, ರೈತರ ಒಟ್ಟು ಬಾಕಿ, ಮುಗಿಯದ ಆರ್ಡರ್‌ಗಳ ಸಂಖ್ಯೆ ಪ್ರಿಂಟ್ ತೆಗೆದು ಅಕೌಂಟ್ಸ್‌ನವರ ಸಹಿ ಹಾಕಿಸಿ. ಬ್ಯಾಕಪ್ ತೆಗೆದು, ಅದು ಬೇರೆ ಯಂತ್ರದಲ್ಲಿ ತೆರೆಯುತ್ತದೆ ಎಂದು ನೋಡಿದ ಮೇಲೆ ಮೈಗ್ರೇಶನ್ ಶುರು. ಮುಗಿದ ಮೇಲೆ ಅದೇ ನಾಲ್ಕು ಅಂಕಿ ಹೊಸದರಲ್ಲಿ ತೆಗೆದು ಸಹಿ ಮಾಡಿದ ಕಾಗದದ ಪಕ್ಕ ಇಡಿ. ಜೂನ್‌ನಲ್ಲಿ ಬೆಳಗಾವಿಯ ಮಳೆ, ಗಾಳಿ ನಿಮಗೆ ಗೊತ್ತೇ ಇದೆ. ಹೆಸ್ಕಾಂ ಲೈನ್ ಹೋಗುತ್ತದೆ ಎಂದುಕೊಂಡೇ ಯುಪಿಎಸ್ ಬ್ಯಾಟರಿ, ಜನರೇಟರ್ ಡೀಸೆಲ್ ಹಿಂದಿನ ದಿನ ನೋಡಿಡಿ. ರಾತ್ರಿ ಕೂರುವವರಿಗೆ ಊಟ ತರಿಸಿ, ಸರದಿಯಲ್ಲಿ ಮಲಗಿಸಿ. ಬೆಳಗಿನ 4ಕ್ಕೆ ನಿದ್ದೆಗಣ್ಣಿನಲ್ಲಿ ಒತ್ತಿದ ಒಂದು ಎಂಟರ್ ಕೀ ಎರಡು ದಿನ ತಿನ್ನುತ್ತದೆ.

ಫೇಲ್ ಆದರೆ ಹಳೇದಕ್ಕೆ ವಾಪಸ್ ಹೋಗಬಹುದಾ?

ಮೊದಲ ನಿಜವಾದ ವ್ಯವಹಾರ ಆಗುವವರೆಗೆ ಹೋಗಬಹುದು. ಹೊಸದರಲ್ಲಿ ಒಂದು ಇನ್‌ವಾಯ್ಸ್ ಹೋಯಿತು, ಒಂದು ಗಾಡಿ ತೂಗಿತು ಅಂದರೆ ವಾಪಸ್ ಬರುವುದು ಅಂದರೆ ಅದನ್ನೆಲ್ಲ ಕೈಯಲ್ಲಿ ಮತ್ತೆ ತುಂಬುವುದು. ಎಸ್‌ಕ್ಯೂಎಲ್ ಸರ್ವರಿನಲ್ಲಿ ಹೊಸ ವರ್ಷನ್‌ನ ಬ್ಯಾಕಪ್ ಹಳೆಯದರಲ್ಲಿ ತೆರೆಯುವುದಿಲ್ಲ. ಮೈಎಸ್‌ಕ್ಯೂಎಲ್ 8.0ರಿಂದ 5.7ಕ್ಕೆ ಇಳಿಯಲೂ ಆಗುವುದಿಲ್ಲ. ಹಾಗಾಗಿ ಹಳೆಯ ಸರ್ವರನ್ನು ಒರೆಸಿ ಅದರ ಮೇಲೇ ಹೊಸದನ್ನು ಹಾಕಬೇಡಿ, ಬೇರೆ ಯಂತ್ರದಲ್ಲಿ ಹಾಕಿ.

ತೀರ್ಮಾನದ ಗಂಟೆ ಮೊದಲೇ ಬರೆದಿಡಿ. ಉದಾಹರಣೆಗೆ ಭಾನುವಾರ ಮಧ್ಯಾಹ್ನ 2. ಆ ಹೊತ್ತಿಗೆ ನಾಲ್ಕು ಅಂಕಿ ಹೊಂದಿರದಿದ್ದರೆ ವಾಪಸ್. "ಇನ್ನೊಂದು ಗಂಟೆ ಕೊಡಿ, ಆಗೇ ಆಗ್ತದೆ" ಎಂದು ನಾವು ಕೇಳುತ್ತೇವೆ. ಕೊಡಬೇಡಿ. ವಾಪಸ್ ಹೋಗಿ ಮುಂದಿನ ತಿಂಗಳು ಮಾಡಿದರೆ ಯಾರಿಗೂ ನಷ್ಟವಿಲ್ಲ.

ಮೊದಲ ದಿನ ಬೆಳಗ್ಗೆ ಎಲ್ಲ ಸ್ಲೋ. ಸರ್ವರ್ ಸಣ್ಣದಾಯ್ತಾ?

ಗಾಬರಿಯಾಗಿ ರ್‍ಯಾಮ್ ತರಿಸಬೇಡಿ. ಪೋಸ್ಟ್‌ಗ್ರೆಸ್‌ನ ಅಪ್‌ಗ್ರೇಡ್ ಸಾಧನ ಪಿಜಿ-ಅಪ್‌ಗ್ರೇಡ್ 17ರವರೆಗೆ ಪ್ಲಾನರಿನ (ಕ್ವೆರಿಗೆ ದಾರಿ ಆರಿಸುವ ಭಾಗ) ಅಂಕಿಅಂಶಗಳನ್ನು ಜೊತೆಗೆ ತರುತ್ತಿರಲಿಲ್ಲ, 18ರಿಂದ ಬಹುಪಾಲು ತರುತ್ತದೆ. ಅವನ್ನು ಮತ್ತೆ ಸೇರಿಸುವ ಅನಲೈಜ್ ಕಮಾಂಡ್ ಓಡಿಸದೆ ಬಿಟ್ಟರೆ ರಿಪೋರ್ಟ್‌ಗಳು ತಪ್ಪು ದಾರಿ ಹಿಡಿದು ಇಡೀ ಟೇಬಲ್ ಓದಬಹುದು. ಅದನ್ನು ರಾತ್ರಿಯ ಹೆಜ್ಜೆಗಳಲ್ಲೇ ಸೇರಿಸಿ. ಆಮೇಲೂ ನಿಧಾನ ಇದ್ದರೆ ನಿಮ್ಮದೇ ರಿಪೋರ್ಟಿನ ಹಳೆಯ ಕ್ವೆರಿ ನೋಡಿ.

ಮೊದಲ ವಾರ ಒಬ್ಬರು ಪ್ರೋಗ್ರಾಮರ್ ಕಾರ್ಖಾನೆಯಲ್ಲೇ ಇರಲಿ, ಕ್ಯಾಬಿನ್‌ನಲ್ಲಿ ಅಲ್ಲ, ಕ್ಲರ್ಕ್‌ಗಳ ನಡುವೆ. ಫೋನಿನಲ್ಲಿ ಹೇಳಲಾಗದ ತೊಂದರೆಯನ್ನು ಅವರು ಬೆರಳಿಟ್ಟು ತೋರಿಸುತ್ತಾರೆ.

ಮುಂದಿನ ಸಲ ಇಷ್ಟು ಒದ್ದಾಡದ ಹಾಗೆ ಈಗಲೇ ಏನು ಮಾಡಬಹುದು?

ಮೊದಲು ಮಾಡಿದ ಆ ಪಟ್ಟಿಯನ್ನು ಜೀವಂತ ಇಡಿ. ಹೊಸ ಬದಲಾವಣೆ ಕೇಳಿ ಯಾರೇ ಬಂದರೂ ಅವರ ಹೆಸರು, ಕಾರಣ, ದಿನಾಂಕ ಅದರಲ್ಲಿ ಬರೆದ ಮೇಲೆಯೇ ಕೋಡ್ ಬರೆಯಿರಿ. ಕೋಡ್ ಗಿಟ್‌ನಲ್ಲಿರಲಿ (ಕೋಡಿನ ಪ್ರತಿ ಬದಲಾವಣೆಯನ್ನೂ ಉಳಿಸಿಡುವ ಸಾಧನ), ಆ ಗಿಟ್‌ನ ಮಾಲೀಕತ್ವ ಪ್ರೋಗ್ರಾಮರ್ ಹೆಸರಿನಲ್ಲಲ್ಲ, ಕಾರ್ಖಾನೆಯ ಹೆಸರಿನಲ್ಲಿರಲಿ. ಪೈಸೆ ಹೊಂದಿಸುವ ಆ ಹದಿನೈದು ದಿನದ ಪರೀಕ್ಷೆಯನ್ನು ಸ್ಕ್ರಿಪ್ಟ್ ಆಗಿ ಉಳಿಸಿ, ವರ್ಷಕ್ಕೊಮ್ಮೆ ಹಂಗಾಮಿಗೆ ಮೊದಲು ಓಡಿಸಿ. ಈಗ ಅದನ್ನು ತಯಾರಿಸಲು ವಾರಗಳು ಹಿಡಿಯುತ್ತವೆ. ಮುಂದಿನ ಸಲ ಒಂದು ಮಧ್ಯಾಹ್ನ ಸಾಕು.